ಮೂರು ಕಂಬ, ಒಂದು ಚಿಪ್ಪು

2009ರ ದಸರಾ ಮುಗಿದ ವಾರ ಮಲಪ್ರಭೆ ನಮ್ಮೂರೊಳಗೆ ಬಂದಳು. ನಾನಾಗ ಬಿಇ ಓದ್ತಿದ್ದೆ. ರಸ್ತೆ ಕಡಿದುಹೋಗಿದ್ದರಿಂದ ಊರು ಮುಟ್ಟೋಕೆ ಒಂದು ವಾರವೇ ಹಿಡೀತು. ಅಷ್ಟರಲ್ಲಿ ನೀರು ಇಳಿದಿತ್ತು. ಪಡಸಾಲೆ ಗೋಡೆ ಮೇಲೆ ನನ್ನ ಎದೆಮಟ್ಟಕ್ಕೆ ಒಂದು ಕಂದು ಗೆರೆ, ನೂಲು ಹಿಡಿದು ಎಳೆದ ಹಾಗೆ, ಮನೆ ತುಂಬಾ ಒಂದೇ ಎತ್ತರಕ್ಕೆ ಓಡಿತ್ತು.

ದೀಪಾವಳಿ ಬಂತು. ಹಬ್ಬಕ್ಕೆ ಮನೆ ಹಿಂಗಿರಬಾರದು ಅಂತ ಅವ್ವ ಸುಣ್ಣ ಬಳಿದಳು. ಗೆರೆ ಹೋಯಿತು. ಹಬ್ಬ ಮುಗಿದ ಮೇಲೆ ಪರಿಹಾರದ ಸರ್ವೆಗೆ ಒಬ್ಬರು ಬಂದರು.

"ನೀರು ಎಲ್ಲಿತನಕ ಬಂದಿತ್ರಿ?"

ಅಜ್ಜ ಎದೆ ಮುಟ್ಟಿಕೊಂಡು ತೋರಿಸಿದ.

"ಗುರುತ ಎಲ್ಲೈತ್ರಿ?"

ಅಜ್ಜ ಮಾತಾಡಲಿಲ್ಲ. ಒಳಗೆ ಹೋಗಿ ಚೀಲ ಹೊಲಿಯೋ ದಬ್ಬಣ ತಂದ. ಪಡಸಾಲೆಯ ಬೇವಿನ ಕಂಬದಲ್ಲಿ ಹುಳು ಕೊರೆದ ತೂತುಗಳಿದ್ದವು. ಎದೆಮಟ್ಟಕ್ಕಿಂತ ಕೆಳಗಿನ ತೂತಿಗೆ ದಬ್ಬಣ ಹಾಕಿ ಕೆದಕಿದ, ಒಣಗಿದ ಹೊಳೆಯ ರೇವೆ ಉದುರಿತು. ಮೇಲಿನ ತೂತಿಗೆ ಹಾಕಿದ, ಬರೀ ಮರದ ಹಿಟ್ಟು. "ಹುಳ ಸುಳ್ಳ ಹೇಳಂಗಿಲ್ರಿ ಸಾಹೇಬ್ರ" ಅಂದ. ಬಂದವರು ನಕ್ಕರು. "ಅಜ್ಜಾರ, ಹುಳದ ಸಾಕ್ಷಿ ಬರಕೊಳ್ಳಾಕ ಈ ಫಾರ್ಮಿನ್ಯಾಗ ಜಾಗ ಇಲ್ರಿ" ಅಂತ ಹೇಳಿ, ಭಾಗಶಃ ಹಾನಿ ಅಂತ ಬರೆದುಕೊಂಡು ಹೋದರು.

ಇದನ್ನು ನಾನು ಮರೆತೇಬಿಟ್ಟಿದ್ದೆ. ಆಮೇಲೆ ಬೆಂಗಳೂರು, ಕೆಲಸ, ಆನ್‌ಕಾಲ್ ಡ್ಯೂಟಿ. ಒಂದು ದಿನ ಸುಮ್ಮನೆ ಚಾರ್ಲ್ಸ್ ಬ್ಯಾಬೇಜ್ ಬಗ್ಗೆ ಓದ್ತಾ ಕೂತಿದ್ದೆ. ಗೊತ್ತಲ್ಲ, ಫಸ್ಟ್ ಸೆಮ್‌ನಲ್ಲಿ ಕಂಪ್ಯೂಟರಿನ ಪಿತಾಮಹ ಅಂತ ಒಂದು ಸಾಲಿನಲ್ಲಿ ಬಂದು ಹೋಗುವ ಬ್ಯಾಬೇಜ್. ಆ ಮನುಷ್ಯ ಲೆಕ್ಕದ ಯಂತ್ರಗಳ ನಡುವೆಯೇ ಇಟಲಿಯ ಮೂರು ಕಲ್ಲುಕಂಬಗಳ ಬಗ್ಗೆ ಒಂದು ಉದ್ದನೆಯ ಪ್ರಬಂಧ ಬರೆದಿದ್ದಾನೆ. ಆ ಕಂಬಗಳನ್ನು ಕೊರೆದದ್ದೂ ಒಂದು ಹುಳವೇ. ಹುಳ ಅಂದರೆ ಚಿಪ್ಪಿನೊಳಗಿನ ಹುಳ. ಅಜ್ಜನ ದಬ್ಬಣ ತಟ್ಟನೆ ನೆನಪಾಯಿತು.

ಕಂಬಗಳಿರುವುದು ಪೊಟ್ಸುವೋಲಿ ಅನ್ನೋ ಊರಲ್ಲಿ, ನೇಪಲ್ಸ್ ನಗರದ ಪಶ್ಚಿಮಕ್ಕೆ, ಸಮುದ್ರದ ಅಂಚಿಗೇ. ರೋಮನ್ನರ ಕಾಲದಲ್ಲಿ ಇದು ದೊಡ್ಡ ಬಂದರು, ಹೆಸರು ಪುಟಿಯೋಲಿ. ಸಾಮ್ರಾಜ್ಯ ಹೋಯಿತು, ಬಂದರೂ ಸೊರಗಿತು. ಹಳೆಯ ಕಟ್ಟಡವೊಂದರ ಮೂರು ಕಂಬಗಳ ತುದಿ ಮಾತ್ರ ಮಣ್ಣಿನ ಮೇಲೆ ಚಾಚಿಕೊಂಡಿತ್ತು. ಸುತ್ತ ದ್ರಾಕ್ಷಿತೋಟ. ಜನ ಅದನ್ನು ಮೂರು ಕಂಬದ ತೋಟ ಅಂತಲೇ ಕರೀತಿದ್ದರು.

1750ರಲ್ಲಿ ನೇಪಲ್ಸಿನ ದೊರೆ ಬೂರ್ಬೋನ್ ಚಾರ್ಲ್ಸ್ ಅಲ್ಲಿ ಅಗೆಸಿದ. (ಈ ಕಥೆಯಲ್ಲಿ ಯಾರನ್ನು ಮುಟ್ಟಿದರೂ ಚಾರ್ಲ್ಸ್, ಗೊಂದಲ ಮಾಡ್ಕೋಬೇಡಿ.) ಕಂಬಗಳ ಬುಡ ಕಂಡಿತು, ಅಮೃತಶಿಲೆ ಹಾಸಿದ ಅಂಗಳ ಕಂಡಿತು, ಜೊತೆಗೆ ಸೆರಾಪಿಸ್ ಅನ್ನೋ ದೇವರ ವಿಗ್ರಹವೂ ಸಿಕ್ಕಿತು. ವಿಗ್ರಹ ಸಿಕ್ಕಿದ ಮೇಲೆ ಇನ್ನೇನು, ಇದು ಸೆರಾಪಿಸ್ ದೇವಸ್ಥಾನ ಅಂತ ಹೆಸರಿಟ್ಟರು. ನಿಜಕ್ಕೂ ಅದು ಗುಡಿಯಲ್ಲ, ಮಾರ್ಕೆಟ್ಟು. ಕ್ರಿಸ್ತಶಕ ಒಂದನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿದ ಸಂತೆಕಟ್ಟೆ, ಅಂಗಳದ ಸುತ್ತ ಅಂಗಡಿ ಸಾಲು. ಆದರೆ ಒಮ್ಮೆ ಬಿದ್ದ ಹೆಸರು ಹೋಗೋದು ಕಷ್ಟ, ನಮ್ಮ ಕೋಡಲ್ಲೂ ಹಂಗೇ ಅಲ್ವಾ? ಇವತ್ತಿಗೂ ಅನೇಕರು ಅದನ್ನು ಟೆಂಪಲ್ ಅಂತಲೇ ಕರೀತಾರೆ.

ಈಗ ಕಂಬ ನೋಡಿ. ಒಂದೊಂದೂ ಸುಮಾರು 42 ಅಡಿ ಎತ್ತರ, ಅಮೃತಶಿಲೆ. ಬುಡದಿಂದ ಸುಮಾರು 12 ಅಡಿವರೆಗೆ ಮೈ ನುಣುಪಾಗಿದೆ. ಅದರ ಮೇಲೆ ಸುಮಾರು 9 ಅಡಿ ಉದ್ದಕ್ಕೆ ಪಟ್ಟಿಯಂತೆ ತೂತೋ ತೂತು, ಜೇನುಗೂಡಿನ ಹಾಗೆ. ಅದರ ಮೇಲೆ ಮತ್ತೆ ತೂತಿಲ್ಲ. ಮೂರು ಕಂಬಕ್ಕೂ ಪಟ್ಟಿ ಒಂದೇ ಎತ್ತರದಲ್ಲಿ.

ಈ ತೂತು ಮಾಡಿದವರು ಯಾರು ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ, ಯಾಕಂದರೆ ಎಷ್ಟೋ ತೂತಿನ ತಳದಲ್ಲಿ ಕೊರೆದವರ ಚಿಪ್ಪು ಇನ್ನೂ ಕೂತಿತ್ತು. ಲಿಥೋಫಾಗ ಅಂತ ಅದರ ಹೆಸರು. ಗ್ರೀಕ್ ಭಾಷೆಯಲ್ಲಿ ಕಲ್ಲು ತಿನ್ನೋದು ಅಂತ ಅರ್ಥ. ಮಂಗಳೂರಿನ ಕಡೆ ಪಚ್ಚಿಲೆ ಸುಕ್ಕಾ ತಿಂದಿರ್ತೀರಲ್ಲ, ಆ ಪಚ್ಚಿಲೆಯ ದಾಯಾದಿ ಇದು. ಉದ್ದಕ್ಕೆ, ಕಂದು ಬಣ್ಣಕ್ಕೆ, ಥೇಟ್ ಖರ್ಜೂರದ ಹಣ್ಣಿನ ಹಾಗೆ ಕಾಣುತ್ತೆ. ಇಟಲಿಯವರು ಅದನ್ನು ಸಮುದ್ರದ ಖರ್ಜೂರ ಅಂತಲೇ ಕರೆಯೋದು.

ಹೆಸರಿಗೆ ಕಲ್ಲು ತಿನ್ನೋದು, ನಿಜಕ್ಕೂ ಅದು ಕಲ್ಲು ತಿನ್ನಲ್ಲ. ನೀರಲ್ಲಿ ತೇಲುವ ಕಣಗಳನ್ನು ಸೋಸಿಕೊಂಡು ಬದುಕುತ್ತೆ. ಕಲ್ಲು ಅದಕ್ಕೆ ಮನೆ. ಅದೂ ಎಲ್ಲಾ ಕಲ್ಲಲ್ಲ, ಸುಣ್ಣದ ಜಾತಿಯ ಕಲ್ಲು ಮಾತ್ರ. ಮೈಯಿಂದ ಒಂದು ರಸ ಒಸರಿಸಿ ಸುಣ್ಣವನ್ನು ಮೆತ್ತಗೆ ಮಾಡ್ತಾ ಒಳಗೆ ಸರಿಯುತ್ತೆ. ಹಂಗಾದರೆ ಅದರ ಚಿಪ್ಪೂ ಸುಣ್ಣವೇ ತಾನೆ, ಅದು ಯಾಕೆ ಕರಗಲ್ಲ? ಚಿಪ್ಪಿನ ಮೇಲೆ ಒಂದು ಕಂದು ಹೊದಿಕೆ ಇದೆ, ಅದೇ ಕಾಪಾಡೋದು. ಎಳೆಮರಿ ಇದ್ದಾಗ ಕಲ್ಲಿನ ಮೇಲೆ ಕೂರುತ್ತೆ, ಸಣ್ಣ ತೂತು ಮಾಡಿ ಒಳಹೊಗುತ್ತೆ, ಒಳಗೇ ಬೆಳೆಯುತ್ತೆ. ಬಾಗಿಲು ಸಣ್ಣದು, ಕೋಣೆ ದೊಡ್ಡದು, ಆಮೇಲೆ ಹೊರಗೆ ಬರೋ ಮಾತೇ ಇಲ್ಲ. ಬಹಳ ನಿಧಾನದ ಜೀವಿ, ಬೆರಳುದ್ದ ಆಗೋಕೆ ಹತ್ತಾರು ವರ್ಷ ಬೇಕು.

ಇದರ ಬಂಧುಬಳಗ ಬಿಸಿ ಸಮುದ್ರಗಳಲ್ಲಿ ಹವಳದೊಳಗೂ ಇದೆ. ಹವಳದ ಅಸ್ಥಿಪಂಜರವೂ ಸುಣ್ಣವೇ ಆದ್ದರಿಂದ ಅದಕ್ಕೆ ಅದು ಒಳ್ಳೇ ಜಾಗ. ಆದರೆ ಜೀವಂತ ಹವಳದಲ್ಲಿ ಒಂದು ಪೇಚು. ಗೋಡೆ ತಾನೇ ಬೆಳೀತಾ ಹೋಗುತ್ತೆ. ಸುಮ್ಮನೆ ಕೂತರೆ ಹವಳ ಬಾಗಿಲು ಮುಚ್ಚಿಬಿಡುತ್ತೆ, ಒಳಗಿನದು ಸಮಾಧಿ. ಹಾಗಾಗಿ ಹವಳ ಬೆಳೆದಷ್ಟೂ ಇದೂ ಮೇಲಕ್ಕೆ ಸರೀತಾ, ಹಿಂದೆ ಉಳಿದ ಜಾಗಕ್ಕೆ ಸುಣ್ಣ ಮೆತ್ತುತ್ತಾ ಬರಬೇಕು. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಗೆ ಹೋದಾಗಲೋ, ಲಕ್ಷದ್ವೀಪಕ್ಕೆ ಹೋದಾಗಲೋ ಹವಳದ ಮೇಲೆ 8ರ ಆಕಾರದ ಪುಟ್ಟ ತೂತು ಕಂಡರೆ ಮುಟ್ಟಬೇಡಿ. ಒಳಗೆ ಯಾರೋ ಇರಬಹುದು.

ಇರಲಿ, ಕಂಬಕ್ಕೆ ವಾಪಸ್ ಬರೋಣ. ಪ್ರಶ್ನೆ ಏನಪ್ಪಾ ಅಂದ್ರೆ, ಲಿಥೋಫಾಗ ಸಮುದ್ರದ ಜೀವಿ. ನೀರಿನ ಹೊರಗೆ ಬದುಕಲ್ಲ. ಸಂತೆಕಟ್ಟೆಯನ್ನು ಯಾರೂ ಸಮುದ್ರದೊಳಗೆ ಕಟ್ಟಲ್ಲ. ಹಾಗಾದರೆ ನೆಲದಿಂದ 20 ಅಡಿ ಮೇಲಕ್ಕೆ ಅದು ಹೇಗೆ ಹೋಯಿತು?

ಕಂಬ ಕೆತ್ತೋ ಮೊದಲೇ ಕಲ್ಲಲ್ಲಿ ತೂತಿತ್ತೇನೋ ಅಂತ ನಿಮಗೆ ಅನ್ನಿಸಬಹುದು. ಹಾಗಿದ್ದರೆ ಮೂರು ಕಂಬಕ್ಕೂ ಒಂದೇ ಎತ್ತರದಲ್ಲಿ ಬರೋಕೆ ಸಾಧ್ಯವಿಲ್ಲ. 1787ರಲ್ಲಿ ಇದನ್ನು ನೋಡಿದ ಜರ್ಮನ್ ಕವಿ ಗಯಟೆ ತಲೆ ಕೆಡಿಸಿಕೊಂಡು, 1823ರಲ್ಲಿ ಒಂದು ಲೇಖನ ಪ್ರಕಟಿಸಿದ. ಅವನ ಪ್ರಕಾರ ಕಟ್ಟಡ ಅರ್ಧ ಬೂದಿಯಲ್ಲಿ ಹೂತುಹೋಗಿತ್ತು, ನಡುವೆ ಅಂಗಳದಲ್ಲಿ ಒಂದು ಹೊಂಡ ನಿಂತಿತ್ತು, ಚಿಪ್ಪುಗಳು ಆ ಹೊಂಡದಲ್ಲಿ ಬದುಕಿದ್ದವು. ಅಂದರೆ ಸಮುದ್ರವೂ ಮೇಲೆ ಬಂದಿಲ್ಲ, ನೆಲವೂ ಅಲುಗಾಡಿಲ್ಲ. ಅಚ್ಚುಕಟ್ಟಾದ ಉತ್ತರ, ಆದರೆ ಸಮುದ್ರದ ಜೀವಿಗೆ ಹೊಂಡದಲ್ಲಿ ಹತ್ತಾರು ವರ್ಷ ಸಂಸಾರ ಮಾಡು ಅಂದರೆ ಆಗುತ್ತಾ?

ಇನ್ನು ಕೆಲವರು ಸಮುದ್ರವೇ ಏರಿ ಇಳಿಯಿತು ಅಂದರು. ಅಂಟೋನಿಯೋ ನಿಕೊಲಿನಿ ಅನ್ನೋ ವಾಸ್ತುಶಿಲ್ಪಿ ವರ್ಷಗಟ್ಟಲೆ ಅಲ್ಲಿ ನೀರಿನ ಮಟ್ಟ ಅಳೆದ. 1807ರಲ್ಲಿ ಸಮುದ್ರ ಶಾಂತವಾಗಿದ್ದಾಗ ಅಂಗಳದ ಯಾವ ಜಾಗದಲ್ಲಿ ಒಂದು ಹನಿ ನೀರೂ ಇರಲಿಲ್ಲವೋ, 1838ರ ಹೊತ್ತಿಗೆ ಅದೇ ಜಾಗದಲ್ಲಿ ದಿನಾ ಮೀನು ಹಿಡೀತಿದ್ದರು. ಅಳತೆ ಪಕ್ಕಾ. ಆದರೆ ಮೆಡಿಟರೇನಿಯನ್ ಇಡೀ ಸಮುದ್ರ 20 ಅಡಿ ಏರಿತ್ತು ಅಂದರೆ ಅದರ ದಂಡೆಯ ಊರುಗಳೆಲ್ಲ ಮುಳುಗಬೇಕಿತ್ತಲ್ಲ? ಅಂಥ ಗುರುತು ಬೇರೆಲ್ಲೂ ಇಲ್ಲ.

ಉಳಿದದ್ದು ಒಂದೇ ಉತ್ತರ. ಅದನ್ನು ಒಪ್ಪೋಕೆ ಮನಸ್ಸು ಬರಲ್ಲ. ಸಮುದ್ರ ಇದ್ದಲ್ಲೇ ಇತ್ತು, ನೆಲ ಮುಳುಗಿ ಮತ್ತೆ ಎದ್ದಿತ್ತು.

ಬ್ಯಾಬೇಜ್ ಅಲ್ಲಿಗೆ ಹೋದದ್ದು 1828ರಲ್ಲಿ. ಕಂಬವನ್ನು ಬುಡದಿಂದ ತುದಿವರೆಗೆ ಅಳೆದ. ತೂತಿನ ಪಟ್ಟಿಯನ್ನಷ್ಟೇ ಅಲ್ಲ, ಕಟ್ಟಡದ ಮೈಗೆ ಬಿಸಿನೀರಿನ ಬುಗ್ಗೆಯಿಂದ ಕಟ್ಟಿದ ಸುಣ್ಣದ ಪದರವನ್ನೂ ನೋಡಿದ. ನಮ್ಮ ಗೀಸರ್‌ನಲ್ಲಿ ಕಟ್ಟುತ್ತಲ್ಲ, ಅಂಥದ್ದು. ಪದರ ಪದರವಾಗಿ ಓದಿದರೆ ಒಂದು ಕ್ರಮ ಸಿಗುತ್ತೆ. ನೆಲ ಇಳಿಯೋಕೆ ಶುರು, ಅಂಗಳಕ್ಕೆ ನೀರು, ಅದರ ಮೇಲೆ ಬೂದಿ ಮಣ್ಣು ತುಂಬಿ ಕಂಬದ ಬುಡ ಹೂತುಹೋಗುತ್ತೆ. ಅದಕ್ಕೇ ಕೆಳಗಿನ 12 ಅಡಿ ನುಣುಪಾಗಿ ಉಳಿದದ್ದು, ಚಿಪ್ಪಿನ ಕೈಗೆ ಅದು ಸಿಗಲೇ ಇಲ್ಲ. ನೆಲ ಇನ್ನೂ ಇಳಿಯುತ್ತೆ, ಮಣ್ಣಿನ ಮೇಲಿನ ಕಂಬ ಸಮುದ್ರದ ನೀರಲ್ಲಿ ನಿಲ್ಲುತ್ತೆ. ಅಲ್ಲಿ ಚಿಪ್ಪು ಸಂಸಾರ ಹೂಡುತ್ತೆ. ಪಟ್ಟಿಯ ಮೇಲಂಚು ಎಲ್ಲಿದೆಯೋ ಅಲ್ಲಿವರೆಗೆ ನೀರು ಬಂದಿತ್ತು. ಆಮೇಲೆ ನೆಲ ಮತ್ತೆ ಏಳುತ್ತೆ. ಭೂಮಿಯೊಳಗಿನ ಶಾಖಕ್ಕೆ ಕೆಳಗಿನ ಬಂಡೆ ಹಿಗ್ಗಿ ಕುಗ್ಗಿ ಹೀಗಾಗುತ್ತೆ ಅಂತ ಬ್ಯಾಬೇಜ್ ಲೆಕ್ಕ ಹಾಕಿದ. 1834ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಅದನ್ನು ಓದಿದರು.

ನಾವು ಪ್ರೊಡಕ್ಷನ್ ಬಿದ್ದಾಗ ರಾತ್ರಿ ಎರಡಕ್ಕೆ ಎದ್ದು ಲಾಗ್ ಓದ್ತೀವಲ್ಲ, ಬ್ಯಾಬೇಜ್ ಮಾಡಿದ್ದೂ ಅದನ್ನೇ. ಆದರೆ ಈ ಲಾಗ್ ಬರೆದದ್ದಕ್ಕೆ ತಾನು ಬರೀತಿದ್ದೇನೆ ಅನ್ನೋದೇ ಗೊತ್ತಿರಲಿಲ್ಲ.

ಅದೇ 1828ರಲ್ಲಿ ಅಲ್ಲಿಗೆ ಹೋದ ಇನ್ನೊಬ್ಬ ಚಾರ್ಲ್ಸ್ ಅಂದರೆ ಲಯೆಲ್, ಆಮೇಲೆ ಭೂವಿಜ್ಞಾನದ ದಿಕ್ಕನ್ನೇ ಬದಲಿಸಿದವನು. ಬೆಟ್ಟ, ಕಣಿವೆ, ಸಮುದ್ರ ಎಲ್ಲ ಒಂದು ಕಾಲದ ಭಯಂಕರ ಪ್ರಳಯಗಳಿಂದ ಆದದ್ದು ಅಂತ ನಂಬಿದವರು ಆಗ ಬಹಳ ಜನ ಇದ್ದರು. ಹಂಗೇನಿಲ್ಲ, ಇವತ್ತು ನಮ್ಮ ಕಣ್ಣೆದುರು ನಡೆಯುತ್ತಿರುವ ಸಣ್ಣ ಸಣ್ಣ ಕೆಲಸಗಳೇ ಸಾಕು, ಕಾಲ ಬೇಕು ಅಷ್ಟೇ ಅನ್ನೋದು ಲಯೆಲ್ ವಾದ. ಅದಕ್ಕೆ ಈ ಕಂಬಗಳಿಗಿಂತ ಒಳ್ಳೇ ಸಾಕ್ಷಿ ಎಲ್ಲಿ ಸಿಕ್ಕೀತು? ರೋಮನ್ನರು ಕಟ್ಟಿದ ಮೇಲೆ, ಅಂದರೆ ಮನುಷ್ಯರ ಇತಿಹಾಸದೊಳಗೇ, ನೆಲ 20 ಅಡಿ ಇಳಿದು ಎದ್ದಿದೆ. ಅದೂ ಎಷ್ಟು ಮೆಲ್ಲಗೆ ಅಂದರೆ ಕಂಬಗಳು ಬೀಳದೆ ನಿಂತಿವೆ. ತೂತುಗಳ ಆಳ, ಚಿಪ್ಪಿನ ಗಾತ್ರ ನೋಡಿದರೆ ನೀರು ಅಲ್ಲಿ ಬಹಳ ಕಾಲ ನಿಂತಿತ್ತು ಅನ್ನೋದೂ ಗೊತ್ತಾಗುತ್ತೆ. 1830ರಲ್ಲಿ ಅವನ ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ ಮೊದಲ ಸಂಪುಟ ಬಂದಾಗ ಮುಖಚಿತ್ರವಾಗಿ ಇದ್ದದ್ದು ಈ ಮೂರು ಕಂಬಗಳೇ.

ಕಾಗದಪತ್ರಗಳೂ ಚಿಪ್ಪಿನ ಮಾತಿಗೆ ಸಹಿ ಹಾಕಿದವು. ಸ್ಪೇನಿನ ರಾಜರ ಆಳ್ವಿಕೆಯಲ್ಲಿ 1503 ಮತ್ತು 1511ರಲ್ಲಿ ಮಾಡಿದ ಎರಡು ಭೂದಾನ ಪತ್ರಗಳನ್ನು ಲಯೆಲ್ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. ಸಮುದ್ರ ಒಣಗುತ್ತಾ ಹೋಗಿ ಹೊಸದಾಗಿ ಕಾಣಿಸಿಕೊಂಡ ನೆಲವನ್ನು ಊರಿಗೆ ಬಿಟ್ಟುಕೊಟ್ಟ ಪತ್ರಗಳು. ನಮ್ಮ ಪಹಣಿ ಇದ್ದ ಹಾಗೆ ಅಂದುಕೊಳ್ಳಿ. ಬರೆದ ಗುಮಾಸ್ತನಿಗೆ ಭೂವಿಜ್ಞಾನ ಗೊತ್ತಿರಲಿಲ್ಲ, ಹೊಸ ಜಾಗ ಯಾರದ್ದು ಅನ್ನೋದಷ್ಟೇ ಅವನ ತಲೆನೋವು. ಆದರೆ ನೆಲ ಏಳುತ್ತಿದೆ ಅನ್ನೋದನ್ನು ಅವನು ತನಗರಿವಿಲ್ಲದೆ ದಾಖಲಿಸಿಬಿಟ್ಟ. ಅದಾಗಿ ಸುಮಾರು ಮೂರು ದಶಕಕ್ಕೆ, 1538ರ ಸೆಪ್ಟೆಂಬರ್ 29ರಂದು, ಊರ ಪಕ್ಕದಲ್ಲೇ ನೆಲ ಸೀಳಿ ಬೆಂಕಿ ಉಗುಳಿತು. ಒಂದೇ ವಾರದಲ್ಲಿ ಸುಮಾರು 130 ಮೀಟರ್ ಎತ್ತರದ ಗುಡ್ಡ ಎದ್ದು ನಿಂತಿತು. ಮೊಂಟೆ ನುವೋವೊ, ಅಂದರೆ ಹೊಸ ಗುಡ್ಡ, ಅಂತ ಇವತ್ತಿಗೂ ಅದರ ಹೆಸರು. ಪೊಟ್ಸುವೋಲಿ ಕೂತಿರುವುದೇ ಕಾಂಪಿ ಫ್ಲೆಗ್ರೇಯ್ ಅನ್ನೋ ದೊಡ್ಡ ಜ್ವಾಲಾಮುಖಿಯ ಬಾಯಿಯೊಳಗೆ.

ಲಯೆಲ್ ಪುಸ್ತಕದ ಮೊದಲ ಸಂಪುಟ 1831ರ ಕೊನೆಗೆ ಬೀಗಲ್ ಅನ್ನೋ ಹಡಗು ಹತ್ತಿತು. ಓದುಗ ನಾಲ್ಕನೇ ಚಾರ್ಲ್ಸ್, 22 ವರ್ಷದ ಡಾರ್ವಿನ್. 1835ರ ಫೆಬ್ರುವರಿ 20ರಂದು ಚಿಲಿಯಲ್ಲಿ ದೊಡ್ಡ ಭೂಕಂಪ ಆದಾಗ ಅವನು ಅಲ್ಲೇ ಇದ್ದ. ಅದಾದ ಮೇಲೆ ಸಾಂತಾ ಮರಿಯಾ ದ್ವೀಪದಲ್ಲಿ, ಭರತದ ನೀರು ಮುಟ್ಟುವ ಮಟ್ಟಕ್ಕಿಂತ ಸುಮಾರು 10 ಅಡಿ ಮೇಲೆ, ಬಂಡೆಗೆ ಅಂಟಿಕೊಂಡೇ ಕೊಳೆಯುತ್ತಿದ್ದ ಚಿಪ್ಪುಗಳು ಬೀಗಲ್ಲಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಕಣ್ಣಿಗೆ ಬಿದ್ದವು. ಇಲ್ಲೂ ಚಿಪ್ಪೇ ಅಳತೆಗೋಲು. ಇಲ್ಲಿ ನೆಲ ಏಳುತ್ತೆ ಅಂದರೆ ಬೇರೆಲ್ಲೋ ಸಮುದ್ರದ ತಳ ಇಳಿಯುತ್ತಲೂ ಇರಬೇಕಲ್ಲ ಅಂತ ಡಾರ್ವಿನ್ ಯೋಚಿಸಿದ. ಹಾಗೆ ಇಳಿಯುವ ದ್ವೀಪದ ಸುತ್ತ ಹವಳ ಏನು ಮಾಡುತ್ತೆ? ಅದಕ್ಕೆ ಬೆಳಕು ಬೇಕು, ಹಾಗಾಗಿ ದ್ವೀಪ ಇಳಿದಷ್ಟೂ ಅದು ಮೇಲಕ್ಕೆ ಕಟ್ಟುತ್ತಾ ಹೋಗುತ್ತೆ. ಕೊನೆಗೆ ದ್ವೀಪ ಮುಳುಗಿ, ಹವಳದ ಉಂಗುರ ಮಾತ್ರ ಉಳಿಯುತ್ತೆ. ಹವಳದ ದಿಬ್ಬವನ್ನು ಕಣ್ಣಾರೆ ನೋಡೋ ಮೊದಲೇ ಹೊಳೆದ ಈ ವಿಚಾರವನ್ನು ಅವನು 1842ರಲ್ಲಿ ಪುಸ್ತಕ ಮಾಡಿದ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಹವಳದ್ವೀಪದಲ್ಲಿ ಬೋರ್ ಕೊರೆದರು. 1,200 ಮೀಟರಿಗೂ ಹೆಚ್ಚು ಬರೀ ಹವಳದ ಸುಣ್ಣಕಲ್ಲು, ಅದರ ಕೆಳಗೆ ಜ್ವಾಲಾಮುಖಿಯ ಕಪ್ಪುಕಲ್ಲು. ಡಾರ್ವಿನ್ ಮಾತು ಸರಿಯಾಗಿತ್ತು.

ಪೊಟ್ಸುವೋಲಿಯ ಚಿಪ್ಪುಗಳ ಸಾಕ್ಷಿ ಮಾತ್ರ ಇನ್ನೂ ಮುಗಿದಿರಲಿಲ್ಲ. ನೆಲ ಒಂದು ಸಲ ಇಳಿದು ಒಂದು ಸಲ ಎದ್ದಿತು ಅನ್ನೋದು ಬಹಳ ಕಾಲದ ನಂಬಿಕೆ. ಚಿಪ್ಪಿನೊಳಗೆ ಇಂಗಾಲ ಇರುತ್ತೆ, ಅದರಿಂದ ಅದರ ಕಾಲ ಹೇಳಬಹುದು. ಹಾಗೆ ಅಳೆದ ವಿಜ್ಞಾನಿಗಳು 2006ರಲ್ಲಿ ಹೇಳಿದ್ದು, ಒಂದಲ್ಲ, ಮೂರು ಸಲ ಅಂತ. ಐದನೇ ಶತಮಾನದಲ್ಲಿ ಒಮ್ಮೆ, ಮಧ್ಯಯುಗದ ಆರಂಭದಲ್ಲಿ ಇನ್ನೊಮ್ಮೆ, 1538ರ ಸ್ಫೋಟಕ್ಕೆ ಮೊದಲು ಮತ್ತೊಮ್ಮೆ ನೀರು ಸುಮಾರು 7 ಮೀಟರ್ ಎತ್ತರಕ್ಕೆ ನಿಂತಿತ್ತು. ಇದರ ಅರ್ಥ ಗಂಭೀರವಾದದ್ದು. ನೆಲ ಎದ್ದಾಗಲೆಲ್ಲ ಜ್ವಾಲಾಮುಖಿ ಸಿಡಿಯುತ್ತೆ ಅಂತೇನಿಲ್ಲ, ಒಮ್ಮೆ ಸಿಡಿದಿದೆ, ಉಳಿದ ಸಲ ಸುಮ್ಮನಾಗಿದೆ. ಮುಂದಿನ ಸಲ ಯಾವುದು ಅಂತ ಚಿಪ್ಪು ಹೇಳಲ್ಲ.

ಆ ಪ್ರಶ್ನೆ ಅಲ್ಲಿನ ಜನಕ್ಕೆ ಪುಸ್ತಕದ ವಿಷಯ ಅಲ್ಲ. 1970ರಲ್ಲಿ ನೆಲ ಮತ್ತೆ ಏಳೋಕೆ ಶುರುವಾಯಿತು. ಮಾರ್ಚ್ 2ರಂದು ಊರಿನ ಅತಿ ಹಳೆಯ ಭಾಗ ರಿಯೋನೆ ಟೆರ್ರಾದಿಂದ ಸುಮಾರು 3,000 ಜನರನ್ನು ಎಬ್ಬಿಸಿ ಕಳಿಸಿದರು. ಅವರ ಪೈಕಿ ಹೆಚ್ಚಿನವರು ಹಳೆ ಮನೆಗೆ ಮತ್ತೆ ಬರಲೇ ಇಲ್ಲ. 1982ರಿಂದ 84ರ ನಡುವೆ ನೆಲ ಸುಮಾರು 1.8 ಮೀಟರ್ ಎದ್ದಿತು. ದೋಣಿ ಕಟ್ಟುವ ಕಟ್ಟೆ ನೀರಿಗಿಂತ ಬಹಳ ಮೇಲೆ ಹೋಗಿ ಬಂದರೇ ನಿರುಪಯೋಗ. ಸುಮಾರು 40,000 ಜನ ಮನೆ ಬಿಟ್ಟರು, ಮೊಂಟೆರುಶೆಲ್ಲೊ ಅಂತ ಹೊಸ ಬಡಾವಣೆಯನ್ನೇ ಕಟ್ಟಬೇಕಾಯಿತು. ಆ ಸಲ ಸ್ಫೋಟ ಆಗಲಿಲ್ಲ. 2005ರಿಂದ ನೆಲ ಮತ್ತೆ ಏಳುತ್ತಿದೆ, ಈಗಾಗಲೇ 1 ಮೀಟರಿಗೂ ಹೆಚ್ಚು. 2024ರ ಮೇ 20ರ ರಾತ್ರಿ 4.4 ತೀವ್ರತೆಯ ಭೂಕಂಪ ಆಯಿತು, ಅಲ್ಲಿ ಅದುವರೆಗಿನ 40 ವರ್ಷಗಳಲ್ಲೇ ದೊಡ್ಡದು. ಜನ ಬೀದಿಯಲ್ಲಿ, ಕಾರಿನಲ್ಲಿ ರಾತ್ರಿ ಕಳೆದರು. ಈಗ ಉಪಗ್ರಹ, ಜಿಪಿಎಸ್, ಸೆನ್ಸರ್ ಎಲ್ಲ ಇವೆ, ಮಿಲಿಮೀಟರ್ ಲೆಕ್ಕದಲ್ಲಿ ಅಳೀತಾರೆ. ಆದರೆ ಆ ಅಳತೆಗಳ ವಯಸ್ಸು ಕೆಲವು ದಶಕ. ಈ ನೆಲ ಸಾವಿರಾರು ವರ್ಷದಲ್ಲಿ ಏನೇನು ಮಾಡಿದೆ ಅಂತ ಕೇಳಬೇಕಾದರೆ ಈಗಲೂ ಕಂಬದ ಹತ್ತಿರವೇ ಹೋಗಬೇಕು.

ಇಷ್ಟೆಲ್ಲ ಹೇಳಿದ ಜೀವಿಗೆ ನಾವು ಮಾಡಿದ್ದೇನು? ರುಚಿ ಅಂತ ತಿಂದೆವು. ಅದನ್ನು ತೆಗೀಬೇಕಾದರೆ ಕಲ್ಲೇ ಒಡೀಬೇಕು. ಸುತ್ತಿಗೆ ಹಿಡಿದು ಮುಳುಗಿ, ಮೆಡಿಟರೇನಿಯನ್ ದಂಡೆಯ ಎಷ್ಟೋ ಬಂಡೆಗಳನ್ನು ಬೋಳು ಮಾಡಿದರು. ಈಗ ಯುರೋಪಿಯನ್ ಒಕ್ಕೂಟದಲ್ಲಿ ಅದನ್ನು ಕೀಳುವುದು, ಮಾರುವುದು ಎರಡೂ ನಿಷೇಧ. ಕದ್ದು ಕೀಳುವವರು ಇನ್ನೂ ಇದ್ದಾರೆ. ಹವಳದ ಕಥೆ ಬೇರೆ. ಅಲ್ಲಿ ಕಟ್ಟೋದು, ಕೊರೆಯೋದು ಎರಡೂ ಲಕ್ಷಾಂತರ ವರ್ಷದಿಂದ ಜೊತೆಗೇ ನಡೆದಿದೆ. ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಂಡು ಸತ್ತರೆ ಕಟ್ಟುವ ಕೆಲಸ ನಿಲ್ಲುತ್ತೆ, ಕೊರೆಯುವ ಕೆಲಸ ನಿಲ್ಲಲ್ಲ. ಆಗ ಬೈಗುಳ ಕೊರೆಯುವವರಿಗೇ ಬೀಳುತ್ತೆ, ಆದರೆ ಲೆಕ್ಕ ತಪ್ಪಿಸಿದ್ದು ಅವರಲ್ಲ.

ನಮ್ಮೂರಲ್ಲಿ ಹಳೆ ಮನೆ ಈಗ ಇಲ್ಲ. ಹೊಳೆಯಿಂದ ದೂರ, ಎತ್ತರದ ಹೊಸ ಪ್ಲಾಟಿನಲ್ಲಿದ್ದೇವೆ. ಮನೆ ಕೆಡವುವಾಗ ಅಜ್ಜ ಬೇರೇನೂ ಕೇಳಲಿಲ್ಲ, ಆ ಬೇವಿನ ಕಂಬ ಮಾತ್ರ ಟ್ರ್ಯಾಕ್ಟರಿಗೆ ಹಾಕಿಸಿಕೊಂಡು ಬಂದ. ಹೊಸ ಮನೆಯ ಕಟ್ಟೆ ಮೇಲೆ ಅದು ಯಾವ ಭಾರವನ್ನೂ ಹೊರದೆ ಸುಮ್ಮನೆ ನಿಂತಿದೆ. ಅಜ್ಜ ಹೋಗಿ ಆರು ವರ್ಷ ಆಯಿತು. ಹೋದ ವರ್ಷ ತಂಗಿಯ ಮಗಳ ಜವಳಕ್ಕೆ ಅಂತ ಮನೆಗೆ ಬಣ್ಣ ಹೊಡೆಸುವಾಗ, ತೂತಿಗೆಲ್ಲ ಪುಟ್ಟಿ ತುಂಬಿ ಕಂಬಕ್ಕೂ ಪೇಂಟ್ ಮಾಡಿಸೋಣ ಅಂದ ಅಪ್ಪ. ನಾನು ಬೇಡ ಅಂದೆ. ಯಾಕ ಅಂದ. ಪೊಟ್ಸುವೋಲಿ ಕಥೆಯೆಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಇಷ್ಟ ಹೇಳಾಕ ಇಟಲಿಗೆ ಯಾಕ ಹೋದಿ? ನಿಮ್ಮಜ್ಜ ಹೇಳಿದ್ದು ಅದನ್ನ" ಅಂದ.

ಕಂಬಕ್ಕೆ ಬಣ್ಣ ಹೊಡೆದಿಲ್ಲ. ಎದೆಮಟ್ಟದ ಕೆಳಗಿನ ತೂತುಗಳಲ್ಲಿ ಇನ್ನೂ ಮಲಪ್ರಭೆಯ ಮಣ್ಣಿದೆ.